ಸರಾಸರಿ ಕೃಷ್ಣಾಜಿ

ಕೃಷ್ಣಾಜಿಯವರನ್ನು ಒಂದು ಕಡೆ ಕೂಡಿಸುವುದು ಕಷ್ಟದ ಕೆಲಸ. ನಮ್ಮ ಮನೆಯ ಕಟ್ಟೆಯ ಮೇಲೆ ಜಾಗ ಬಿಟ್ಟುಕೊಟ್ಟರೆ ಅಂಚಿಗೆ ಕೂರುತ್ತಾರೆ. ಎರಡು ಮಾತಾಡುವಷ್ಟರಲ್ಲಿ ಎದ್ದು ಚಪ್ಪಲಿ ಮೆಟ್ಟಿ, ರಸ್ತೆಯ ಆಚೆ ಬದಿಗೆ ಹೋಗಿ ಏನನ್ನೋ ನೋಡಿ ವಾಪಸು ಬರುತ್ತಾರೆ. ಏನು ನೋಡಿದಿರಿ ಎಂದು ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ. ಎಪ್ಪತ್ತು ದಾಟಿದ ಮನುಷ್ಯನಿಗೆ ಈ ಕಾಲಿನ ಚಾಳಿ ಎಲ್ಲಿಂದ ಬಂತು ಎಂದು ಬೈಲಹೊಂಗಲದವರು ಕೇಳುತ್ತಾರೆ. ನನಗೆ ಗೊತ್ತು. ಸರ್ವೀಸು ಪೂರ್ತಿ ಊರೂರ ಹೊಲಗಳಲ್ಲಿ ಹೆಜ್ಜೆ ಹಾಕಿ ಅಳೆದವರು ಅವರು.

ಅವರು ಅಂಕಿಸಂಖ್ಯಾ ಇಲಾಖೆಯಲ್ಲಿದ್ದರು, ನಾನು ತಲಾಠಿ, ಊರ ಲೆಕ್ಕಿಗ. ಸವದತ್ತಿ, ರಾಮದುರ್ಗ, ಬೈಲಹೊಂಗಲ ಎಂದು ಇಬ್ಬರೂ ಸುತ್ತಿದ್ದು ಅದೇ ಊರುಗಳನ್ನು. ನನಗೆ ಅಂಕಿಗಳ ಮೇಲೆ ಅಷ್ಟೇನೂ ಭಕ್ತಿ ಇರಲಿಲ್ಲ. ಕಚೇರಿಯ ಅಂಕಿ ಎಲ್ಲಿ ಹುಟ್ಟಿ ಹೇಗೆ ಬೆಳೆಯುತ್ತದೆ ಎಂದು ಹತ್ತಿರದಿಂದ ಕಂಡವನಿಗೆ ಭಕ್ತಿ ಉಳಿಯುವುದು ಕಷ್ಟ. ಅವರಿಗೆ ಮಾತ್ರ ಅದು ದೇವರ ಕೋಣೆಯ ಮಡಿ ಇದ್ದಂತೆ.

ಸುಗ್ಗಿಗೆ ಮುಂಚೆ ಬೆಳೆ ಕಟಾವು ಪ್ರಯೋಗ ಎಂದೊಂದು ಇರುತ್ತದೆ. ಯಾವ ಸರ್ವೆ ನಂಬರಿನ ಹೊಲ, ಹೊಲದ ಯಾವ ಜಾಗ ಎನ್ನುವುದು ಲಾಟರಿಯ ಹಾಗೆ ಮೊದಲೇ ನಿಗದಿಯಾಗಿ ಬರುತ್ತದೆ. ಅಲ್ಲಿಗೆ ಹೋಗಿ ನಾಲ್ಕು ಗೂಟ ಬಡಿದು, ಹಗ್ಗ ಕಟ್ಟಿ, ಆ ಚೌಕದೊಳಗಿನ ಬೆಳೆಯನ್ನಷ್ಟೇ ಕೊಯ್ದು, ಕಾಳು ಮಾಡಿ ತೂಗಬೇಕು. ಅಂಥ ನಾಲ್ಕಾರು ಚೌಕಗಳ ತೂಕದಿಂದ ಸುತ್ತಲಿನ ಅಷ್ಟೂ ಹೊಲಗಳ ಸರಾಸರಿ ಇಳುವರಿ ಲೆಕ್ಕವಾಗುತ್ತದೆ, ಬೆಳೆವಿಮೆಯೂ ಅದರ ಮೇಲೆಯೇ ನಿಲ್ಲುತ್ತದೆ. ಚಚಡಿಯಲ್ಲಿ ಒಮ್ಮೆ ಶಟ್ಟೆಪ್ಪ ಎಂಬ ರೈತ ಹಗ್ಗ ಹಿಡಿದು ನಿಂತುಬಿಟ್ಟ.

"ಸಾಹೇಬ್ರ, ಒಂದೀಟು ಆ ಕಡೆ ಸರಸ್ರಿ. ಅಲ್ಲಿ ಕಡ್ಲಿ ಪೂರಾ ಒಣಗೇತಿ. ಅದನ್ನೂ ನೋಡ್ರಿ."

"ಗೂಟ ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದದ. ಸರಸೂ ಹಂಗಿಲ್ಲ. ಇದು ನಿನ್ನ ಹೊಲದ ಲೆಕ್ಕ ಅಲ್ಲಪಾ, ಸರಾಸರಿ ಲೆಕ್ಕ."

"ಹಂಗಾದ್ರ ನನ್ನ ಹೊಲದ ಲೆಕ್ಕ ಯಾರ ಕಡೆ ಐತ್ರಿ?"

ಕೃಷ್ಣಾಜಿ ಗೂಟಕ್ಕೆ ಇನ್ನೊಂದು ಏಟು ಹಾಕಿದರು. ಹಗ್ಗ ಸರಿಯಲಿಲ್ಲ. ಅಂದಿನಿಂದ ಅವರಿಗೆ ಸರಾಸರಿ ಕೃಷ್ಣಾಜಿ ಎಂದು ಹೆಸರು ಬಿತ್ತು. ಅವರಿಗದು ಬೈಗುಳವೆಂದು ಅನಿಸಲೇ ಇಲ್ಲ.

ಅವರ ಇನ್ನೊಂದು ಹಟ ಸೊನ್ನೆಯದು. ಊರಿನಿಂದ ವರದಿ ಬಾರದಿದ್ದರೆ ಕೋಷ್ಟಕದ ಆ ಮನೆಯಲ್ಲಿ ಒಂದು ಅಡ್ಡ ಗೀಟು ಎಳೆಯಬೇಕು. ರಾಮದುರ್ಗದ ಗುಮಾಸ್ತನೊಬ್ಬ ಗೀಟಿನ ಬದಲು ಸೊನ್ನೆ ಬರೆದು ಕಳಿಸಿದ್ದ. ಕೃಷ್ಣಾಜಿ ಬಸ್ಸು ಹತ್ತಿ ಅಲ್ಲಿಗೇ ಹೋದರು. "ಸೊನ್ನಿ ಅಂದ್ರ ಹೋಗಿ ನೋಡೀವಿ, ಏನೂ ಇರಲಿಲ್ಲ ಅಂತ. ಗೀಟ ಅಂದ್ರ ನಮಗ ಗೊತ್ತಿಲ್ಲ ಅಂತ. ಗೊತ್ತಿಲ್ಲ ಅನ್ನಲಿಕ್ಕೆ ನಾಚಿಕಿ ಯಾಕ?" ಎಂದು ಆ ಬಡಪಾಯಿಯನ್ನು ಇಡೀ ಮಧ್ಯಾಹ್ನ ಕಾಡಿ, ಹಾಳೆಗಳನ್ನೆಲ್ಲ ಹೊಸದಾಗಿ ಬರೆಸಿದರು. ನಾನು ಹೊರಗೆ ಚಹಾದಂಗಡಿಯಲ್ಲಿ ಕಾದು ಕಾದು ಸಾಕಾಗಿ ಅವರನ್ನು ಬಿಟ್ಟೇ ಊರಿಗೆ ಬಂದಿದ್ದೆ.

ನಿವೃತ್ತಿಯಾದ ಮೇಲೆ ಇಂಥ ಮನುಷ್ಯ ಏನು ಮಾಡಬೇಕು? ಪೇಪರಿನಲ್ಲಿ ಬರುವ ಅಂಕಿಗಳನ್ನು ಹಿಡಿದು ಜಗಳ ತೆಗೆಯುತ್ತಿದ್ದರು. ಮಳೆಯ ಅಂಕಿ, ಮತದಾನದ ಅಂಕಿ, ಹತ್ತಿಯ ಆವಕದ ಅಂಕಿ ಯಾವುದಾದರೂ ಸೈ. ಅವೆಲ್ಲ ಬೇರೆಯವರ ಅಂಕಿಗಳಾಗಿದ್ದವು. ತಮ್ಮ ಮನೆಯದೇ ಅಂಕಿಯನ್ನು ಓದುವ ಪ್ರಸಂಗ ಬಂದದ್ದು ಸೊಸೆ ವರದಾಳಿಂದ.

ವರದಾ ಹುಟ್ಟಿದ್ದು ಮಾರಿಷಸ್ಸಿನಲ್ಲಿ. ಅವಳ ಹಿರಿಯರು ಕೊಂಕಣದಿಂದ ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿದವರು. ವಾಕ್ವಾ ಎಂಬ ಊರಿನಲ್ಲಿ ಅವರ ಮನೆ. ಮನೆಯೊಳಗೆ ಗಣಪತಿ, ಮೋದಕ, ಹಳೆಯ ಮರಾಠಿ ಹಾಡು; ಬೀದಿಗೆ ಬಂದರೆ ಕ್ರಿಯೋಲ್ ಭಾಷೆ. ಹಿಂದೂಸ್ತಾನಿ ಗಾಯನ ಕಲಿಯಲೆಂದು ಧಾರವಾಡಕ್ಕೆ ಬಂದ ಹುಡುಗಿ, ಮಾಳಮಡ್ಡಿಯಲ್ಲಿ ಕೃಷ್ಣಾಜಿಯವರ ತಂಗಿಯ ಮನೆಯ ಮೇಲಿನ ಖೋಲಿಯನ್ನು ಬಾಡಿಗೆಗೆ ಹಿಡಿದಳು. ಕೃಷ್ಣಾಜಿಯವರ ಮಗ ಮಿಲಿಂದನದು ಬೈಲಹೊಂಗಲದ ಬಜಾರಿನಲ್ಲಿ ತಕ್ಕಡಿ ದುರಸ್ತಿಯ ಅಂಗಡಿ. ಅದುವರೆಗೆ ಈ ಸೋದರತ್ತೆಯ ಮನೆಯ ಹಾದಿ ಮರೆತಿದ್ದವನಿಗೆ ಧಾರವಾಡದ ತಕ್ಕಡಿಗಳೆಲ್ಲ ಒಮ್ಮೆಲೇ ಕೆಡತೊಡಗಿದವು. ಕೃಷ್ಣಾಜಿಯವರ ಹೆಂಡತಿ ಇಂದಿರಾಬಾಯಿ ವಿಷಯ ಹಿಡಿದುಬಿಟ್ಟರು, ಮದುವೆಯೂ ಆಯಿತು.

ಕೃಷ್ಣಾಜಿಯವರ ಮನೆಮಾತೂ ಮರಾಠಿಯೇ. ಅವಳ ಮರಾಠಿ ಕೇಳಿ ಇಂದಿರಾಬಾಯಿ ನಕ್ಕಿದ್ದರು, "ನಮ್ಮ ಅಜ್ಜಿಯ ಅಜ್ಜಿ ಎದ್ದು ಬಂದಂಗ ಅನಸ್ತದ" ಎಂದು. ಕನ್ನಡ ಮಾತ್ರ ಬಜಾರಿನಲ್ಲೇ ಕಲಿತಳು, ಹಾಗಾಗಿ ಗಟ್ಟಿ ಕಲಿತಳು. ಕೊತ್ತಂಬರಿ ಮಾರುವ ಯಲ್ಲವ್ವ ಒಮ್ಮೆ ಕೇಳಿದ್ದಳಂತೆ, "ತವರು ಯಾವೂರಬೇ ನಿಂದು?" ವಾಕ್ವಾ ಎಂದು ವರದಾ ಹೇಳಿದಳು. "ಘಟ್ಟದ ಕೆಳಗೇನು?" "ಹೌದು, ಇನ್ನೂ ಕೆಳಗ." ಯಲ್ಲವ್ವನಿಗೆ ಅಷ್ಟು ಸಾಕಾಯಿತು. ಮನೆಯ ಮೇಲಿನ ಕೋಣೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತ, ಕಿತ್ತೂರಿನವರೆಗೂ ಭಜನೆಗೆ ಕರೆಸಿಕೊಳ್ಳುತ್ತ ಅವಳು ಈ ಊರವಳೇ ಆದಳು. ಶರ್ವರಿ ಹುಟ್ಟಿದಳು. ಈ ಮೊಮ್ಮಗಳು ಬಂದ ಮೇಲೆ ಕೃಷ್ಣಾಜಿ ಕಟ್ಟೆಗೆ ಬರುವುದೂ ಕಡಿಮೆಯಾಯಿತು.

ಎರಡು ಸಾವಿರದ ಇಪ್ಪತ್ತರ ಮೊದಲಿಗೆ ವರದಾ ಮಗಳನ್ನು ಕರೆದುಕೊಂಡು ತಾಯಿಯ ಮನೆಗೆ ಹೋದಳು. ತಿಂಗಳೊಪ್ಪತ್ತು ಇದ್ದು ಬರುವುದೆಂದು ಹೋದದ್ದು. ಅಷ್ಟರಲ್ಲಿ ಕೊರೊನಾ ಬಂತು, ಎರಡೂ ದೇಶಗಳು ಬಾಗಿಲು ಹಾಕಿದವು. ಅವಳ ಬಳಿ ಇದ್ದದ್ದು ಮಾರಿಷಸ್ಸಿನ ಪಾಸ್‌ಪೋರ್ಟು, ಇಲ್ಲಿರಲು ಕೊಟ್ಟ ಸಾಗರೋತ್ತರ ಭಾರತೀಯರ ಕಾರ್ಡು ಇದ್ದರೂ ಇಲ್ಲಿಗೆ ಅವಳು ಪರದೇಶಿ. ಒಂದೂವರೆ ವರ್ಷ ಹೀಗೆ ಹೋಯಿತು. ಆಗ ಕೃಷ್ಣಾಜಿಯವರದು ಒಂದೇ ಕೆಲಸ. ಫೋನಿನಲ್ಲಿ ವಿಮಾನಗಳ ಸುದ್ದಿ ನೋಡುವುದು, ಅಂಗಳಕ್ಕೆ ಬರುವುದು, ಮತ್ತೆ ನೋಡುವುದು. ಕೊನೆಗೆ ತಾಯಿ ಮಗಳು ಬಂದಿಳಿದಾಗ ಶರ್ವರಿಯ ಬಾಯಲ್ಲಿ ಕನ್ನಡ ಉಳಿದಿರಲಿಲ್ಲ. ಅಜ್ಜ ಎತ್ತಿಕೊಳ್ಳಲು ಹೋದರೆ ಅವಳು ತಾಯಿಯ ಸೀರೆಯ ಹಿಂದೆ ಅಡಗಿದಳು. ಆ ಮನುಷ್ಯ ಅವತ್ತು ಅತ್ತರು. ನಾನು ಕಣ್ಣಾರೆ ನೋಡಿದೆ.

ಆಮೇಲೆಯೇ ವರದಾ ಭಾರತದ ಪೌರತ್ವದ ಮಾತು ತೆಗೆದದ್ದು. "ಎರಡೂ ಕಡೆ ಬಾಗ್ಲಾ ಹಾಕಿದ್ರು ಮಾಮಾ. ಇನ್ನ ಒಂದು ಕಡೀದರ ಕೀಲಿ ನನ್ನ ಕೈಯಾಗ ಇರ್ಲಿ" ಎಂದಳು. ಮಾವನನ್ನು ಅವಳು ಕರೆಯುವುದು ಮಾಮಾ ಎಂದೇ.

ನಿಯಮ ಕೇಳಲು ಸರಳ. ಇಲ್ಲಿಯವರನ್ನು ಮದುವೆಯಾದವರು ಏಳು ವರ್ಷ ಇಲ್ಲಿ ಬಾಳಿದ ಮೇಲೆ ಅರ್ಜಿ ಹಾಕಬಹುದು. ಆದರೆ ಅರ್ಜಿಗೆ ಹಿಂದಿನ ಕೊನೆಯ ಹನ್ನೆರಡು ತಿಂಗಳು ದೇಶ ಬಿಟ್ಟು ಹೋಗಬಾರದು. ಸರಕಾರ ಒಪ್ಪಿದರೆ ಹಳೆಯ ದೇಶದ ಪೌರತ್ವ ಬಿಟ್ಟ ಪುರಾವೆ ಕೊಡಬೇಕು. ಅದಾದ ಮೇಲೆಯೇ ಪ್ರಮಾಣಪತ್ರ. ಕೊರೊನಾದಲ್ಲಿ ಮುರಿದ ಲೆಕ್ಕವನ್ನೆಲ್ಲ ವಕೀಲರಿಂದ ಕೂಡಿಸಿಕೊಂಡು ವರದಾ ಆ ಹನ್ನೆರಡು ತಿಂಗಳನ್ನು ಶುರು ಮಾಡಿದಳು.

ಕೃಷ್ಣಾಜಿಯವರಿಗೆ ಕೆಲಸ ಸಿಕ್ಕಿತು. ವರ್ಷಕ್ಕೆ ಎಷ್ಟು ಜನ ಪರದೇಶದವರಿಗೆ ಭಾರತದ ಪೌರತ್ವ ಸಿಕ್ಕಿದೆ ಎಂದು ಸರಕಾರ ಸಂಸತ್ತಿನಲ್ಲಿ ಉತ್ತರ ಕೊಡುತ್ತದೆ, ವರದಿಗಳಲ್ಲಿ ಹಾಕುತ್ತದೆ. ಅದನ್ನೆಲ್ಲ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಕಟ್ಟೆಗೆ ತಂದರು. ನಾವಿಬ್ಬರೂ ಬೆಳವಡಿ ರಸ್ತೆಯಲ್ಲಿ ವಾಕಿಂಗ್ ಹೋಗುವಾಗಲೂ ಅದೇ ಮಾತು.

"ನೋಡ್ರಿ ನಿಜಗುಣಪ್ಪನವರ, ಪಾಕಿಸ್ತಾನ, ಅಫಘಾನಿಸ್ತಾನ, ಬಾಂಗ್ಲಾದೇಶ, ಎಲ್ಲಾ ಬ್ಯಾರೆ ಬ್ಯಾರೆ ಬರದಾರ. ಮಾರಿಷಸ್ ಇಲ್ಲ. 'ಇತರೆ' ಒಳಗ ಹಾಕ್ಯಾರ."

"ನೀವೂ ಹಾಕ್ತಿದ್ರೆಲ್ಲ ಸಾಹೇಬ್ರ. ಗುರೆಳ್ಳು, ಅಗಸಿ, ಕುಸುಬಿ ಎಲ್ಲಾ ಗುಡಿಸಿ ಇತರೆ ಬೆಳಿ ಅಂತ ಬರೀತಿದ್ರಿ. ಈಗ ಸೊಸಿನ್ನ ಹಾಕ್ಯಾರ, ತಗೋರಿ."

ನಗಲಿಲ್ಲ. ಹುಡುಕಿ ಹುಡುಕಿ ಇನ್ನೊಂದು ಹಾಳೆಯಲ್ಲಿ ದೇಶವಾರು ವಿವರ ಹಿಡಿದರು. ಮಾರಿಷಸ್ಸಿನವರು ತೀರ ಬೆರಳೆಣಿಕೆ. ಅಂದಿನಿಂದ ಅವರ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯತೊಡಗಿತು. ಇಷ್ಟು ಕಡಿಮೆ ಏಕೆ? ಕೇಳಿದವರೇ ಕಡಿಮೆಯೋ, ಕೇಳಿದವರಿಗೆ ಕೊಟ್ಟದ್ದು ಕಡಿಮೆಯೋ?

ಆ ದಿನಗಳಲ್ಲಿ ಅವರು ಅಂಕಿ ಓದಿದ ರೀತಿಗೆ ನಾನು ತಲೆದೂಗಿದ್ದೇನೆ, ಸುಳ್ಳೇಕೆ ಹೇಳಲಿ. "ಮ್ಯಾಲಿನ ಸಂಖ್ಯಾ ಕೊಟ್ಟಾರ, ಕೆಳಗಿಂದು ಕೊಟ್ಟಿಲ್ಲ. ಸಿಕ್ಕವರು ಇಷ್ಟು ಅಂತಾರ, ಅರ್ಜಿ ಹಾಕಿದವರು ಎಷ್ಟು ಅಂತ ಇದರಾಗ ಇಲ್ಲ. ತಿರಸ್ಕಾರ ಆದದ್ದು ಎಷ್ಟು, ಇನ್ನೂ ಮೇಜಿನ ಮ್ಯಾಲೆ ಕುಂತದ್ದು ಎಷ್ಟು, ಅದೂ ಇಲ್ಲ." ಇನ್ನೊಂದು ದಿನ, "ಈ ವರ್ಷ ಬಜಾರಕ್ಕ ಬಂದ ಹತ್ತಿ ಎಲ್ಲಾ ಈ ವರ್ಷ ಬೆಳದದ್ದಲ್ಲ. ಹಂಗ ಈ ವರ್ಷ ಪೌರತ್ವ ಸಿಕ್ಕವರು ಈ ವರ್ಷ ಕೇಳಿದವರಲ್ಲ. ಎಂದ ಕೇಳಿದ್ರೋ ಪಾಪ" ಎಂದರು. ಒಂದು ವರ್ಷದ ಅಂಕಿ ಒಮ್ಮೆಲೇ ಏರಿತ್ತು. ಅದನ್ನು ನಾನೇ ತೋರಿಸಿದೆ, ಒಳ್ಳೆಯ ಲಕ್ಷಣವಲ್ಲವೇ ಎಂದು. ಅವರು ಕೈ ಆಡಿಸಿದರು. ಕೆಲವು ರಾಜ್ಯಗಳ ಕೆಲವೇ ಜಿಲ್ಲೆಗಳಲ್ಲಿ, ಕೆಲವು ದೇಶಗಳಿಂದ ಬಂದವರಿಗೆ ಮಾತ್ರ ಜಿಲ್ಲಾಧಿಕಾರಿಯೇ ಪೌರತ್ವ ಕೊಡಬಹುದೆಂಬ ಅಧಿಕಾರ ಸಿಕ್ಕಿದೆ, ಏರಿಕೆಯಲ್ಲಿ ಅದರ ಪಾಲೂ ಇದ್ದೀತು, ನಮ್ಮ ಬೆಳಗಾವಿಗೂ ವರದಾಳಿಗೂ ಅದರಿಂದ ಏನೂ ಗೊತ್ತಾಗುವುದಿಲ್ಲ ಎಂದರು. "ಇದರ ಮ್ಯಾಲಿಂದ ಆಕಿದು ಆಗ್ತದ ಅಂತಲೂ ಹೇಳೂ ಹಂಗಿಲ್ಲ, ಆಗೂದಿಲ್ಲ ಅಂತಲೂ ಹೇಳೂ ಹಂಗಿಲ್ಲ." ಇದು ಅವರದೇ ಬಾಯಿಂದ ಬಂದ ಮಾತು. ಶರ್ವರಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಗೀಟಿಗೂ ಸೊನ್ನೆಗೂ ಇರುವ ವ್ಯತ್ಯಾಸ ಕಲಿಸಿದ್ದೂ ಆಗಲೇ.

ಹನ್ನೆರಡರಲ್ಲಿ ನಾಲ್ಕು ತಿಂಗಳು ಉಳಿದಿದ್ದವು. ವಾಕ್ವಾದಿಂದ ಫೋನು ಬಂತು. ವರದಾಳ ತಾಯಿಯ ಕಿಡ್ನಿ ಎರಡೂ ಕೈಕೊಟ್ಟಿವೆ, ಡಯಾಲಿಸಿಸ್ ಶುರುವಾಗಿದೆ, ಎಷ್ಟು ದಿನ ಎಳೆಯುತ್ತಾರೋ ಹೇಳಲಾಗದು ಎಂದು ಅವಳ ತಮ್ಮ ಹೇಳಿದ.

ಹೋಗಬೇಕೋ, ಇರಬೇಕೋ? ಹೋದರೆ ಹನ್ನೆರಡು ತಿಂಗಳ ಲೆಕ್ಕ ಮುರಿಯುತ್ತದೆ, ಮತ್ತೆ ಮೊದಲಿನಿಂದ. ಮಿಲಿಂದ ಬೆಳಗಾವಿಗೆ ಹೋಗಿ ವಕೀಲರನ್ನು ಕಂಡು ಬಂದ. ವಿಶೇಷ ಸಂದರ್ಭವಿದ್ದರೆ ಮೂವತ್ತು ದಿನಗಳವರೆಗಿನ ಗೈರುಹಾಜರಿಯನ್ನು ಸರಕಾರ ಮಾಫ್ ಮಾಡಲು ಅವಕಾಶವಿದೆ, ಆದರೆ ಮಾಡಿಯೇ ಮಾಡುತ್ತದೆ ಎಂದು ನಾನು ಹೇಳಲಾರೆ ಎಂದಿದ್ದರು ಅವರು.

ಆ ಸಂಜೆ ನಾನು ಅವರ ಪಡಸಾಲೆಯಲ್ಲೇ ಇದ್ದೆ. ಇಂದಿರಾಬಾಯಿ ಚಹಾ ಕೊಟ್ಟು ಬಾಗಿಲಿಗೆ ಒರಗಿ ನಿಂತಿದ್ದರು. ವರದಾ ಮಾವನ ಎದುರು ನೆಲದ ಮೇಲೆ ಕುಳಿತಳು.

"ಮಾಮಾ, ನೀವು ಎಲ್ಲಾ ಅಂಕಿ ನೋಡೀರಿ. ಹಿಂಗ ನಡುವ ಹೋಗಿ ಬಂದವರಿಗೆ ಮಾಫ್ ಮಾಡ್ಯಾರೇನು?"

ಕೃಷ್ಣಾಜಿ ಎದ್ದರು. ಕಿಟಕಿಯವರೆಗೆ ಹೋದರು, ಬಂದರು. "ಎಲ್ಲಾ ಹುಡುಕೀನಿ. ಮಾಫ್ ಮಾಡಿದ್ದು ಒಂದೂ ಇಲ್ಲ. ಸೊನ್ನಿ."

ನಾನು ಚಹಾದ ಬಸಿ ಕೆಳಗಿಟ್ಟೆ. ಅಂಥ ಅಂಕಿಯನ್ನು ಸರಕಾರ ಎಲ್ಲಿಯೂ ಕೊಟ್ಟಿಲ್ಲ ಎಂದು ಎರಡು ದಿನದ ಹಿಂದೆ ನನಗೆ ಇವರೇ ಹೇಳಿದ್ದರು.

"ನಾಲ್ಕು ತಿಂಗಳು ತಡದು ಅರ್ಜಿ ಹಾಕಿದ್ರ?"

"ಸಿಗ್ತದ. ವರ್ಷದಿಂದ ವರ್ಷಕ್ಕ ಏರ್ಲಿಕ್ಕತ್ತದ ನೋಡು. ಈಗ ಮುರದ್ರ ಮತ್ತ ಒಂದು ವರ್ಷ, ಅಷ್ಟರಾಗ ರೂಲು ಏನಾಗ್ತದೋ. ಅವ್ವಗ ಡಯಾಲಿಸಿಸ್ ಅಂದ್ರ ಈಗಿನ ಕಾಲದಾಗ ಎಷ್ಟೋ ವರ್ಷ ಇರ್ತಾರ. ಅದರ ಸರಾಸರಿನೂ ನೋಡೀನಿ."

ವರದಾ ಸ್ವಲ್ಪ ಹೊತ್ತು ಮಾವನ ಮುಖವನ್ನೇ ನೋಡುತ್ತ ಕುಳಿತಳು. ಆಮೇಲೆ, "ಆತು ಮಾಮಾ. ಇರ್ತೀನಿ" ಎಂದು ಎದ್ದು ಒಳಗೆ ಹೋದಳು.

ಚಚಡಿಯ ರೈತನಿಗೆ ಸರಿಸಿಕೊಡದ ಹಗ್ಗವನ್ನು ಈ ಮನುಷ್ಯ ಅವತ್ತು ತಮಗಾಗಿ ಸರಿಸಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಬೆಳವಡಿ ರಸ್ತೆಯಲ್ಲಿ ಹಿಡಿದೆ.

"ಸಾಹೇಬ್ರ, ರಾಮದುರ್ಗದ ಗುಮಾಸ್ತಗ ಗೀಟಿನ ಜಾಗಾದಾಗ ಸೊನ್ನಿ ಬರದಿದ್ದಕ್ಕ ಜೀವಾ ತಿಂದ್ರಿ. ನಿನ್ನಿ ನೀವ ಏನ್ ಬರದ್ರಿ?"

ಅವರು ಹೆಜ್ಜೆ ಜೋರು ಮಾಡಿದರು. ನನಗೂ ಕಾಲಿವೆ, ನಾನೂ ಜೋರು ಮಾಡಿದೆ.

"ನಿಮಗ ಹೆದರಿಕಿ ಆಗೇತಿ. ಆಕಿ ಮೊಮ್ಮಗಳನ್ನ ಕರಕೊಂಡ ಹೋದ್ರ ಮತ್ತ ಮೊದಲಿನಂಗ ಆದ್ರ ಏನ್ ಮಾಡ್ಲಿ ಅಂತ. ಹೆದರಿಕಿ ಐತಿ ಅಂತ ಬಾಯಿ ಬಿಟ್ಟು ಹೇಳ್ರಿ. ನಡುವ ಅಂಕಿ ಯಾಕ ತರತೀರಿ?"

"ಅಂಕಿ ಸುಳ್ಳಲ್ಲ."

"ಅಂಕಿ ಸುಳ್ಳಂತ ನಾನೆಲ್ಲಿ ಅಂದೆ? ನೀವು ಹೇಳಿದ್ದು ಸುಳ್ಳು."

ಅವರು ಅಲ್ಲಿಂದಲೇ ತಿರುಗಿ ಮನೆಗೆ ಹೋದರು. ಎಷ್ಟೋ ದಿನ ನನ್ನೊಡನೆ ಮಾತು ಬಿಟ್ಟರು. ನಾನು ಸುಮ್ಮನಿರುವ ಜಾತಿಯಲ್ಲ. ಇಂದಿರಾಬಾಯಿಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಅಡುಗೆಮನೆಯಲ್ಲಿ ಸೊಸೆಯ ಕೈ ಹಿಡಿದು, ಕಾಗದ ಹಾಳಾಗಿ ಹೋಗಲಿ, ನೀನು ತಾಯಿಯನ್ನು ನೋಡಿಕೊಂಡು ಬಾ ಎಂದರಂತೆ. ವರದಾ ಒಪ್ಪಲಿಲ್ಲ. "ಮಾಮಾ ನೋಡಿ ಹೇಳ್ಯಾರ ಆಯಿ" ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಕುಳಿತಳಂತೆ.

ದಿನಾ ಸಂಜೆ ಅವಳು ಫೋನಿನಲ್ಲಿ ತಾಯಿಯನ್ನು ನೋಡುತ್ತಿದ್ದಳು. ಹಾಡಿ ಕೇಳಿಸುತ್ತಿದ್ದಳು. ಆ ಹೊತ್ತಿ‌ಗೆ ಕೃಷ್ಣಾಜಿ ಮನೆಯೊಳಗೆ ನಿಲ್ಲುತ್ತಿರಲಿಲ್ಲ. ಬಜಾರಿನಲ್ಲಿ ಕೆಲಸವಿಲ್ಲದೆ ತಿರುಗುವುದನ್ನು ಜನ ಕಂಡಿದ್ದಾರೆ, ಮಗನ ಅಂಗಡಿಗೆ ಹೋಗಿ ರಿಪೇರಿಯಾದ ತಕ್ಕಡಿಗಳ ಮೇಲೆ ತೂಕದ ಬಟ್ಟು ಏರಿಸಿ ಇಳಿಸಿ ಮಾಡುತ್ತ ಕೂರುವುದನ್ನು ನಾನು ಕಂಡಿದ್ದೇನೆ. ಮಿಲಿಂದ ಒಮ್ಮೆ ರೇಗಿ, ಬಾಬಾ ನೀವು ಮನೆಗೆ ಹೋಗಿ ಎಂದದ್ದೂ ಉಂಟು. ಅವರು ಹೋದದ್ದು ಮನೆಗಲ್ಲ, ಬಸ್‌ಸ್ಟ್ಯಾಂಡಿಗೆ. ಸಂಗೊಳ್ಳಿಯವರೆಗೆ ಬಸ್ಸಿನಲ್ಲಿ ಹೋಗಿ ಅದೇ ಬಸ್ಸಿಗೆ ವಾಪಸು ಬಂದರು.

ಎರಡನೆಯ ತಿಂಗಳು ಮುಗಿಯುವ ಮುನ್ನ ಆ ತಾಯಿ ಹೋದರು.

ಸುದ್ದಿ ತಿಳಿದು ಹೋದೆ. ಪಡಸಾಲೆಯಲ್ಲಿ ಮಿಲಿಂದ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಅದರೊಳಗೆ ಮಳೆ ಬೀಳುತ್ತಿರುವ ಯಾವುದೋ ಊರಿನಲ್ಲಿ ಜನ ಒಂದು ಪೆಟ್ಟಿಗೆಯನ್ನು ಹೊತ್ತು ನಡೆಯುತ್ತಿದ್ದರು. ವರದಾ ಅಳಲಿಲ್ಲ, ಕೂಗಲಿಲ್ಲ. ಚಿತ್ರ ನಡುನಡುವೆ ನಿಂತುಹೋಗುತ್ತಿತ್ತು, ಆಗ ಮಾತ್ರ ಅವಳು ಕೈ ಮುಂದೆ ಮಾಡಿ ಪರದೆಯನ್ನು ಮುಟ್ಟುತ್ತಿದ್ದಳು. ನನಗೆ ನೋಡಲಾಗಲಿಲ್ಲ. ಹಿತ್ತಲಿಗೆ ಹೋದರೆ ಅಲ್ಲಿ ಕೃಷ್ಣಾಜಿ ಬಾವಿಯಿಂದ ಬಾಗಿಲಿಗೆ, ಬಾಗಿಲಿಂದ ಬಾವಿಗೆ ಅಡ್ಡಾಡುತ್ತಿದ್ದರು. ನನ್ನನ್ನು ಕಂಡು ನಿಂತರು. ಏನಾದರೂ ಅನ್ನಿರಿ ಎನ್ನುವಂತೆ ನೋಡಿದರು. ಏನನ್ನಲಿ? ಅನ್ನುವುದನ್ನೆಲ್ಲ ಮೊದಲೇ ಅಂದಾಗಿತ್ತು. ಹೋಗಿ ಭುಜದ ಮೇಲೆ ಕೈ ಇಟ್ಟೆ.

ಉಳಿದ ತಿಂಗಳು ಕಳೆದವು. ಅರ್ಜಿ ಹೋಯಿತು. ವಿಚಾರಣೆಗೆ ಬಂದ ಪೊಲೀಸಪ್ಪನಿಗೆ ಓಣಿಯ ಹೆಂಗಸರೆಲ್ಲ ಸೇರಿ ವರದಾಳ ಬಗ್ಗೆ ಎಷ್ಟು ಹೇಳಿದರೆಂದರೆ ಆತ ಬರೆಯುವುದನ್ನು ಬಿಟ್ಟು ಚಹಾ ಕುಡಿದು ಹೋದ. ಅರ್ಜಿ ಹಾಕಿದ ಮೇಲೆ ಅವಳು ಊರಿಗೆ ಹೋಗಿ ಬರಬಹುದಿತ್ತು. ಮಿಲಿಂದ ಹೇಳಿದ, ಇಂದಿರಾಬಾಯಿ ಹೇಳಿದರು. "ಈಗ ಹೋಗಿ ಯಾರನ್ನ ನೋಡ್ಲಿ?" ಎಂದಳು. ಕೃಷ್ಣಾಜಿ ಅಂಕಿಗಳ ಮಾತು ಎತ್ತಲೇ ಇಲ್ಲ. ಹೊಸ ವರ್ಷದ ಕೋಷ್ಟಕ ಬಂದಾಗ ನಾನೇ ಕೆಣಕಿದೆ. ಕನ್ನಡಕ ಮನೆಯಲ್ಲಿದೆ ಎಂದರು. ಅದು ಅವರ ಜೇಬಿನಲ್ಲೇ ಇತ್ತು.

ವರ್ಷದ ಮೇಲಾಗಿ, ಯಾರೂ ಕಾಯದಿದ್ದ ದಿನ ಸರಕಾರದ ಒಪ್ಪಿಗೆ ಬಂತು. ಹಳೆಯ ಪೌರತ್ವ ಬಿಟ್ಟ ಪುರಾವೆ ಕಳಿಸಿದರೆ ಪ್ರಮಾಣಪತ್ರ ಕೊಡುತ್ತೇವೆ ಎಂದು ಅದರಲ್ಲಿತ್ತು. ಮಿಲಿಂದ ಪೇಢೆ ತಂದ. ನನ್ನನ್ನೂ ಕರೆದರು. ಕೃಷ್ಣಾಜಿ ನಿಂತೇ ಇದ್ದರು, ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ರಕ್ತ ಬಂದಿತ್ತು. ಅವರು ಹೇಳಿದ್ದು ಕೊನೆಗೂ ನಿಜವಾಗಿತ್ತಲ್ಲ.

ವರದಾ ಪೇಢೆಯ ಡಬ್ಬಿ ಎಲ್ಲರ ಮುಂದೆ ಹಿಡಿದಳು. ತಾನು ತೆಗೆದುಕೊಳ್ಳಲಿಲ್ಲ.

"ನಾ ಆ ಪುರಾವೆ ಕಳಸೂದಿಲ್ಲ ಮಾಮಾ" ಎಂದಳು.

ಮಿಲಿಂದ ಕೈಯಲ್ಲಿದ್ದ ಪೇಢೆಯನ್ನು ಡಬ್ಬಿಗೆ ವಾಪಸು ಇಟ್ಟ. "ಬಿಡಬೇಕಾಗ್ತದ ಅಂತ ಮೊದಲಿಂದ ಗೊತ್ತಿತ್ತಲ್ಲ ವರದಾ?"

"ಗೊತ್ತಿತ್ತು. ಆವಾಗ ಅಲ್ಲಿ ಅವ್ವ ಇದ್ಲು. ಕಾಗದ ಬಿಟ್ರೂ ಅವ್ವ ಇರ್ತಾಳಲ್ಲ ಅಂತ ಧೈರ್ಯ ಇತ್ತು. ಈಗ ಅಲ್ಲಿ ನಂದು ಅಂತ ಉಳದದ್ದು ಅದೊಂದ. ಅದನ್ನೂ ನನ್ನ ಕೈಲೆ ಬರದು ಕೊಡ್ಲಿಕ್ಕೆ ಆಗೂದಿಲ್ಲ. ಈಗಿರೂ ಕಾರ್ಡಿನ ಮ್ಯಾಲೆ ಇಲ್ಲೇ ಇರ್ತೀನಿ, ಮೊದಲಿನಂಗ."

ಕೃಷ್ಣಾಜಿಯವರೇ ಮುಂದೆ ಬಂದರು. ಸೊಸೆಯ ಎದುರು, ಅವಳು ಆ ಸಂಜೆ ಕುಳಿತಿದ್ದ ಹಾಗೆಯೇ, ನೆಲದ ಮೇಲೆ ಕುಳಿತರು.

"ನಿನಗ ಅವ್ವನ್ನ ನೋಡೂದು ನಾ ತಪ್ಪಿಸಿದೆ. ಅವತ್ತ ಹೇಳಿದ್ದು ಅಂಕಿ ನೋಡಿ ಅಲ್ಲವಾ. ನೀ ಹೋದ್ರ ಬರೂದಿಲ್ಲ ಅಂತ ಹೆದರಿದ್ದೆ. ಮಾಫ್ ಮಾಡಿದ ಲೆಕ್ಕ ಸೊನ್ನಿ ಅಲ್ಲ, ನನಗ ಗೊತ್ತೇ ಇರಲಿಲ್ಲ."

"ನನಗ ಗೊತ್ತಿತ್ತು ಮಾಮಾ." ವರದಾ ಪೇಢೆಯ ಡಬ್ಬಿ ಕೆಳಗಿಟ್ಟಳು. "ಗೀಟಿಗೂ ಸೊನ್ನಿಗೂ ಫರಕ್ಕು ನೀವು ಶರ್ವರಿಗೆ ಹೇಳಿಕೊಡೂ ಮುಂದ ನಾ ಅಲ್ಲೇ ಕಾಯಿಪಲ್ಯ ಹೆಚ್ಚಲಿಕ್ಕತ್ತಿದ್ದೆ. ನಿಮ್ಮ ಅಂಕಿ ನಂಬಿ ಉಳೀಲಿಲ್ಲ ನಾ. ನಿಮ್ಮ ಮಾರಿ ನೋಡಿ ಉಳದೆ. ಅವ್ವಗೂ ಹಂಗ ಹೇಳಿದ್ದೆ, ಮಾಮಾ ಭಾಳ ಹೆದರ್ಯಾರ, ನಾಲ್ಕು ತಿಂಗಳು ತಡಿ ಅಂತ. ತಡೀತೀನಿ ಅಂದಿದ್ಲು."

ಇಂದಿರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಾನು ಎದ್ದು ಬಂದೆ. ಅಂಥ ಮಾತಿನ ನಂತರ ಹೊರಗಿನವನು ಒಂದು ಮನೆಯಲ್ಲಿ ಕೂರಬಾರದು.

ಕೆಲವು ದಿನಗಳ ಮೇಲೆ ಬೆಳವಡಿ ರಸ್ತೆಯಲ್ಲಿ ಕೃಷ್ಣಾಜಿಯವರೇ ಮಾತು ತೆಗೆದರು. "ಮಾರಿಷಸ್ಸಿನವರು ಅಷ್ಟು ಕಡಿಮಿ ಯಾಕ ಅಂತ ತಲಿ ಕೆಡಿಸಿಕೊಂಡಿದ್ದೆ ನೋಡ್ರಿ. ಕೇಳಿದವರು ಕಡಿಮಿ, ಇಲ್ಲಾ ಕೊಟ್ಟದ್ದು ಕಡಿಮಿ, ಎರಡ ಹೊಳದಿತ್ತು ನನಗ. ಕೊಟ್ಟರೂ ತಗೊಳ್ಳದವರು ಇರ್ತಾರ ಅಂತ ಹೊಳೀಲಿಲ್ಲ. ಅಂಥವರನ್ನ ಬರೀಲಿಕ್ಕೆ ಆ ಕೋಷ್ಟಕದಾಗ ಮನೀನ ಇಲ್ಲ." ನಾನು ಏನಾದರೂ ಹೇಳುವ ಮೊದಲೇ ಹತ್ತು ಹೆಜ್ಜೆ ಮುಂದೆ ಹೋಗಿದ್ದರು.

ಈ ಏಪ್ರಿಲ್ ರಜೆಗೆ ವರದಾ ಮಗಳನ್ನು ಕರೆದುಕೊಂಡು ವಾಕ್ವಾಕ್ಕೆ ಹೋಗಿದ್ದಾಳೆ. ತಾಯಿಯ ಕೋಣೆಯನ್ನು ತಮ್ಮ ಇನ್ನೂ ಹಾಗೆಯೇ ಇಟ್ಟಿದ್ದಾನಂತೆ, ಅದನ್ನು ಅವಳೇ ತೆರವು ಮಾಡಬೇಕು. ಹೋಗುವ ಟಿಕೀಟು ಮಾತ್ರ ತೆಗೆದಿದ್ದಾರೆ. ಬೆಳಗಾವಿಯವರೆಗೆ ಕಳಿಸಲು ಕೃಷ್ಣಾಜಿಯೇ ಹೋಗಿದ್ದರು, ಶರ್ವರಿಯ ಚೀಲವನ್ನು ಯಾರ ಕೈಗೂ ಕೊಡದೆ. ಬಂದ ಮೇಲೆ ಅವರ ಕಾಲು ನೆಲದ ಮೇಲೆ ನಿಂತಿಲ್ಲ. ಬೆಳಗ್ಗೆ ಅಂಚೆ ಕಚೇರಿಯ ಕಡೆ, ಮಧ್ಯಾಹ್ನ ಅಂಗಡಿಯ ಕಡೆ, ಸಂಜೆ ನನ್ನ ಕಟ್ಟೆಗೆ. ಫೋನು ತೆಗೆದು ನೋಡುತ್ತಾರೆ, ಇಡುತ್ತಾರೆ.

ನಿನ್ನೆ ತಡೆಯಲಾರದೆ ಕೇಳಿಬಿಟ್ಟೆ. "ಎಂದ ಬರ್ತಾಳಂತ್ರಿ ಸೊಸಿ?"

"ಗೊತ್ತಿಲ್ಲ."

"ಗೊತ್ತಿಲ್ಲಂದ್ರ? ಫೋನ್ ಹಚ್ಚಿ ಒಂದು ಮಾತು ಕೇಳ್ರಲ್ಲ ಮಾರಾಯ್ರ. ಹಿಂಗ ಎಷ್ಟ ದಿನಾ ಅಡ್ಡಾಡ್ತೀರಿ?"

"ಕೇಳೂದಿಲ್ಲ ನಿಜಗುಣಪ್ಪನವರ" ಎಂದರು ಕೃಷ್ಣಾಜಿ. "ಕೇಳಿದ್ರ ಆಕಿ ನನ್ನ ಮಾರಿ ನೋಡಿ ಒಂದು ತಾರೀಖು ಹೇಳ್ತಾಳ."